ಅಳತೆ ಕಳಿಸಬೇಡ

ತಾರೀಖು ಹದಿನೇಳು, ಭಾನುವಾರ ಮಧ್ಯಾಹ್ನ

ನಮ್ಮ ಅಂಗಡಿಯ ಯಜಮಾನಿಗೆ,

ನಿನ್ನ ಬಾಯಿಬಡುಕ ಗಂಡ ಮಾಡುವ ನಮಸ್ಕಾರಗಳು. ಹೆಂಡತಿಗೆ ಯಾರಾದರೂ ನಮಸ್ಕಾರ ಬರೆಯುತ್ತಾರೆಯೇ ಎಂದು ನಗಬೇಡ. ಕಾಗದ ಬರೆದು ಎಷ್ಟು ಕಾಲವಾಯಿತೆಂದರೆ, ಶುರು ಹೇಗೆ ಮಾಡುವುದೆಂಬುದೇ ಮರೆತುಹೋಗಿದೆ. ಬಂದ ವಾರವೇ ಬರೆಯುತ್ತೇನೆ ಎಂದು ಹೊರಟವನು ತಿಂಗಳುಗಟ್ಟಲೆ ಸುಮ್ಮನಿದ್ದೆ. ಬೇಜಾರು ಮಾಡಿಕೊಳ್ಳಬೇಡ. ಫೋನಿದೆಯಲ್ಲ ಎಂದು ಮುಂದಕ್ಕೆ ಹಾಕುತ್ತಾ ಬಂದೆ. ಆದರೆ ಫೋನಿನಲ್ಲಿ ನನಗೆ ಕಾಣುವುದು ನಮ್ಮ ಮನೆಯ ಫ್ಯಾನು ಮಾತ್ರ. ನೀನು ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಪಕ್ಕದಲ್ಲಿ ಕೂತು ಮಾತಾಡುತ್ತೀ. ಆ ಫ್ಯಾನಿನ ಯಾವ ರೆಕ್ಕೆಗೆ ಎಷ್ಟು ಧೂಳು ಹಿಡಿದಿದೆ ಎಂಬುದು ಈಗ ನನಗೆ ಬಾಯಿಪಾಠ. ಫ್ಯಾನಿನ ಮುಖ ನೋಡಿಕೊಂಡು ಕೆಲವು ಮಾತು ಹೇಳಲಾಗುವುದಿಲ್ಲ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಮೊದಲು ಸಮಾಚಾರ ಮುಗಿಸಿಬಿಡುತ್ತೇನೆ. ಆರೋಗ್ಯವಾಗಿದ್ದೇನೆ. ವಿಗ್ ಕೆಲಸ ಕಲಿಸುವ ಜಾಗದ ಮೇಲಿನ ಮಹಡಿಯಲ್ಲೇ ರೂಮು. ಕಿಟಕಿ ತೆಗೆದರೆ ಎದುರು ಕಟ್ಟಡದ ಗೋಡೆ, ಅದರ ಮೇಲೊಂದು ನೀರಿನ ಪೈಪು. ಜೊತೆಗೊಬ್ಬ ಟೈಲರು ಇದ್ದಾನೆ. ಸೊಂಟದ ಅಳತೆ ತೆಗೆದು ತೆಗೆದು ಬೇಜಾರಾಗಿ ತಲೆಯ ಅಳತೆಗೆ ಹತ್ತಿದ್ದೇನೆ ಎನ್ನುತ್ತಾನೆ. ಒಳ್ಳೆಯವನು, ಗೊರಕೆಯೊಂದು ಬಿಟ್ಟರೆ. ಅವನ ಮನೆ ಹತ್ತಿರವೇ, ಹಾಗಾಗಿ ಶನಿವಾರ ಸಂಜೆ ಚೀಲ ಏರಿಸಿ ಹೊರಟುಬಿಡುತ್ತಾನೆ. ಭಾನುವಾರ ಇಡೀ ಕಟ್ಟಡದಲ್ಲಿ ನಾನು ಮತ್ತು ಕೆಳಗಿನ ಹಾಲಿನಲ್ಲಿರುವ ಬಟ್ಟೆಯ ತಲೆಗಳು. ಕಣ್ಣು ಮೂಗು ಬಾಯಿ ಏನೂ ಇಲ್ಲದ ತಲೆಗಳು, ಸಾಲಾಗಿ ಕೂತಿರುತ್ತವೆ. ಹೋದ ವಾರ ಒಂದರ ಹೆಗಲಿಗೆ, ಅಂದರೆ ಹೆಗಲಿರಬೇಕಾದ ಜಾಗಕ್ಕೆ, ಟವೆಲ್ ಹೊದಿಸಿ "ಏನ್ ಸಾರ್, ಮೀಡಿಯಮ್ಮಾ, ಶಾರ್ಟಾ?" ಎಂದು ಕೇಳಿದೆ. ಕೇಳಿದ ಮೇಲೆ ನನಗೇ ಒಂಥರಾ ಆಯಿತು. ಟವೆಲ್ ಮಡಚಿಟ್ಟು ಮೇಲೆ ಬಂದೆ.

ನನ್ನ ಬಾಯಿಯ ವಿಷಯ ನಿನಗೆ ಗೊತ್ತಲ್ಲ. ಗಿರಾಕಿ ಕುರ್ಚಿಯಲ್ಲಿ ಕೂತದ್ದೇ ತಡ, ಅವನ ಅತ್ತೆಮನೆಯ ಜಗಳದಿಂದ ಹಿಡಿದು ದೇಶದ ರಾಜಕೀಯದವರೆಗೆ ಎಲ್ಲ ಇತ್ಯರ್ಥ ಮಾಡಿ ಕಳಿಸುವವನು ನಾನು. "ನೀವು ಕತ್ತರಿ ಆಡಿಸೋದಕ್ಕಿಂತ ನಾಲಿಗೆ ಆಡಿಸೋದೇ ಜಾಸ್ತಿ" ಎಂದು ನೀನೇ ಗಲ್ಲಾದಲ್ಲಿ ಕೂತು ಬೈಯುತ್ತಿದ್ದೆ. ಇಲ್ಲಿ ಹಾಗಿಲ್ಲ. ವಿಗ್ ಕಟ್ಟುವುದೆಂದರೆ ತೆಳ್ಳನೆಯ ಬಲೆಗೆ ಕೊಕ್ಕೆ ಸೂಜಿಯಲ್ಲಿ ಒಂದೊಂದೇ ಕೂದಲು ಎಳೆದು ಗಂಟು ಹಾಕುವುದು. ಉಸಿರು ಜೋರಾಗಿ ಬಿಟ್ಟರೇ ಕೂದಲು ಹಾರಿಹೋಗುತ್ತದೆ, ಇನ್ನು ಮಾತಾಡಿದರೆ ಕೇಳಬೇಕೆ! ಮೊದಲ ದಿನ ಪಕ್ಕದವನಿಗೆ "ಯಾವೂರು?" ಎಂದದ್ದಕ್ಕೆ ಮೂರು ಜನರ ಮೇಜಿನ ಮೇಲಿದ್ದ ಕೂದಲು ಕೆಳಗೆ ಬಿತ್ತು. ಅಂದಿನಿಂದ ತುಟಿ ಹೊಲಿದುಕೊಂಡು ಕೂತಿದ್ದೇನೆ. ನೀನು ನೋಡಿದ್ದರೆ ನಂಬುತ್ತಿರಲಿಲ್ಲ.

ಆ ಮೊದಲ ದಿನದ ಇನ್ನೊಂದು ಸಂಗತಿ ನಿನಗೆ ಹೇಳಿಲ್ಲ. ಮನೆಯಲ್ಲಿ ಫೋನ್ ನೋಡಿ ಕಲಿತು ಬಂದವರೆಲ್ಲ ಒಂದು ಕಡೆ ಕೂರಿ ಎಂದರು ಮೇಡಂ. ಕಲಿಸುವವರು ಅವರೇ, ವಯಸ್ಸಾದ ಹೆಂಗಸು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುತ್ತಿರುತ್ತಾರೆ. ನಾವು ನಾಲ್ಕೈದು ಜನ ಎದೆಯುಬ್ಬಿಸಿ ಕೂತೆವು. ಫೋನಿನ ಕೋರ್ಸು ಮುಗಿಸಿದ ಸರ್ಟಿಫಿಕೇಟು ಇತ್ತಲ್ಲ! ಒಂದೊಂದು ಸುಳಿ ಕಟ್ಟಿ ತೋರಿಸಿ ಎಂದರು. ನಡುನೆತ್ತಿಯಲ್ಲಿ ಕೂದಲು ತಿರುಗುವ ಸುಳಿ. ಕಟ್ಟಿದೆವು. ಮೇಡಂ ಬಂದು ನೋಡಿ ನಗಲಿಕ್ಕೆ ಶುರು ಮಾಡಿದರು.

"ಬಂದ್ರಪ್ಪಾ ನನ್ನ ಕನ್ನಡಿ ಮಕ್ಕಳು" ಎಂದರು.

ಆಮೇಲೆ ಗೊತ್ತಾಯಿತು. ಫೋನಿನಲ್ಲಿ ಪಾಠ ಹೇಳುವ ಮೇಷ್ಟ್ರು ಇದ್ದಾರಲ್ಲ, ಅವರು ಫೋನನ್ನು ತಮ್ಮ ಕಡೆಗೇ ತಿರುಗಿಸಿಟ್ಟುಕೊಂಡು ವಿಡಿಯೋ ತೆಗೆದಿದ್ದಾರೆ. ಅದರಲ್ಲಿ ಎಡವೆಲ್ಲ ಬಲ, ಬಲವೆಲ್ಲ ಎಡ. ಅವರ ಕೈ ನೋಡಿಕೊಂಡು ಕೈ ಆಡಿಸಿದ ನಾವೆಲ್ಲ ಉಲ್ಟಾ ಕಲಿತಿದ್ದೇವೆ. ನಮ್ಮ ಸುಳಿಗಳೆಲ್ಲ ಹಿಂದುಮುಂದಾಗಿ ತಿರುಗಿ ಕೂತಿದ್ದವು.

ಆವತ್ತು ಎಲ್ಲರ ಜೊತೆ ನಾನೂ ನಕ್ಕೆ. ಮೇಲೆ ಬಂದು ಮಂಚದ ಮೇಲೆ ಕೂತಾಗ, ನಿನ್ನ ಕೂದಲು ಹೋದ ಮೇಲೆ ನಿನಗೆ ಕಟ್ಟಿಕೊಟ್ಟ ವಿಗ್ ನೆನಪಾಯಿತು.

ಅಳತೆ ಬೇಕು ಎಂದರೆ ನೀನು ತಲೆ ಕೊಡಲಿಲ್ಲ, ಬಾಗಿಲ ಸಂದಿಯಿಂದ ಹಳೆಯ ಉಲ್ಲನ್ ಟೋಪಿ ಕೊಟ್ಟೆ. ಟೋಪಿಯ ಅಳತೆಗೇ ಕಟ್ಟಿದೆ. ಎಡಕ್ಕೆ ಬೈತಲೆ ತೆಗೆಯುವವಳು ನೀನು, ನನಗೆ ಗೊತ್ತಿಲ್ಲವೇ? ಮೇಷ್ಟ್ರ ಕೈ ಆಡಿದ ಹಾಗೆ ನನ್ನ ಕೈ ಆಡಿ ಬೈತಲೆ ಬಲಕ್ಕೆ ಬಂತು. ನನಗದು ತಿಳಿಯಲೂ ಇಲ್ಲ. ಜೀವಮಾನವೆಲ್ಲ ಜನರ ಬೆನ್ನ ಹಿಂದೆ ನಿಂತು ಕನ್ನಡಿಯಲ್ಲೇ ಅವರ ಮುಖ ನೋಡಿದವನು ನಾನು. ವಿಗ್ಗನ್ನೂ ಅಂಗಡಿಯ ಕನ್ನಡಿಯ ಮುಂದೆ ಹಿಡಿದೇ ನೋಡಿದೆ. ಬಲದ ಬೈತಲೆ ಎಡವಾಗಿ, ಕನ್ನಡಿಯಲ್ಲಿ ಪಕ್ಕಾ ನೀನೇ! ಕುಣಿದಾಡುತ್ತಾ ತಂದುಕೊಟ್ಟೆ. ನೀನು ರೂಮಿನೊಳಗೆ ಒಬ್ಬಳೇ ಹಾಕಿಕೊಂಡು ನೋಡಿದೆ. ಹೊರಗೆ ಬಂದಾಗ ತಲೆಗೆ ಮತ್ತೆ ಸ್ಕಾರ್ಫ್ ಇತ್ತು, ವಿಗ್ ಡಬ್ಬಿಯಲ್ಲಿತ್ತು.

"ಚೆನ್ನಾಗಿದೆ. ಕನ್ನಡಿ ಒಳಗಿರೋಳಿಗೆ ಕೊಡಿ" ಎಂದೆ ನೀನು.

ಆಗ ಅರ್ಥವಾಗಿರಲಿಲ್ಲ. ಕೋಪಕ್ಕೆ ಆಡಿದ ಮಾತು ಎಂದುಕೊಂಡಿದ್ದೆ. ನೀನು ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ.

ನಾನು ಇಲ್ಲಿಗೆ ಹೊರಟಾಗ ನೀನು ಕೇಳಿದ್ದೆಯಲ್ಲ, "ಎಲ್ಲಾ ಫೋನಲ್ಲೇ ಸಿಗುತ್ತೆ, ಮನೆ ಬಿಟ್ಟು ಹೋಗಿ ಕಲಿಯೋ ಅಂಥದ್ದು ಏನಿದೆ?" ಎಂದು. ನಿನ್ನ ಮಾತನ್ನು ಪೂರ್ತಿ ತೆಗೆದುಹಾಕುವುದಿಲ್ಲ. ಬಲೆ ಯಾವುದು, ಸೂಜಿ ಯಾವುದು, ಗಂಟಿನಲ್ಲಿ ಎಷ್ಟು ಬಗೆ ಎಂಬುದನ್ನೆಲ್ಲ ಆ ಉಲ್ಟಾ ಮೇಷ್ಟ್ರೇ ಕಲಿಸಿದ್ದು. ಅವರಿಲ್ಲದಿದ್ದರೆ ಇಲ್ಲಿ ಮೊದಲ ವಾರ ಕಣ್ಣು ಕಣ್ಣು ಬಿಡುತ್ತಿದ್ದೆ. ನನ್ನ ವಯಸ್ಸಿಗೆ ಇನ್ನೊಬ್ಬನ ಗೊರಕೆ ಕೇಳಿಕೊಂಡು ಮಲಗುವ ಹಣೆಬರಹ ಯಾಕೆ ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ. ಚೀಲ ಕಟ್ಟಿ ಬಸ್ ಸ್ಟ್ಯಾಂಡಿನ ತನಕ ಹೋಗಿ ವಾಪಸ್ ಬಂದದ್ದೂ ಉಂಟು. ಟೈಲರಿಗೆ ವಾಕಿಂಗ್ ಹೋಗಿದ್ದೆ ಎಂದೆ. ಚೀಲ ಹೊತ್ತುಕೊಂಡು ಎಂಥ ವಾಕಿಂಗು ಎಂದು ಅವನು ಕೇಳಲಿಲ್ಲ, ಪುಣ್ಯಾತ್ಮ.

ಆದರೆ ಮೇಡಂ ಕಲಿಸಿದ ಒಂದು ಪಾಠ ಯಾವ ಫೋನಿನಲ್ಲೂ ಸಿಗುವುದಿಲ್ಲ. ಅಳತೆ ತೆಗೆಯುವ ಪಾಠ. ಟೈಲರನ್ನು ಸ್ಟೂಲಿನ ಮೇಲೆ ಕೂರಿಸಿ ನನ್ನನ್ನು ಕರೆದರು. ನಾನು ಅಭ್ಯಾಸಬಲದಿಂದ ಅವನ ತಲೆ ಹಿಡಿದು ಬಗ್ಗಿಸಿದೆ. ಮೇಡಂ ನನ್ನ ಕೈ ಮೇಲೆ ಪಟ್ಟನೆ ಒಂದು ಕೊಟ್ಟರು.

"ನೀವು ತಲೆನ ಬಗ್ಗಿಸ್ತೀರಿ. ಇಲ್ಲಿ ನೀವು ಬಗ್ಗಬೇಕು. ಕೂದಲು ಕಳಕೊಂಡು ಬಂದವರು ಮೊದಲೇ ತಲೆ ತಗ್ಗಿಸಿಕೊಂಡು ಬಂದಿರ್ತಾರೆ, ಇನ್ನೆಷ್ಟು ತಗ್ಗಿಸ್ತೀರಿ?"

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಆಮೇಲೆ ಅವರು ಒಂದು ಕಪ್ಪು ಬಟ್ಟೆ ತಂದು ನನ್ನ ಕಣ್ಣಿಗೆ ಕಟ್ಟಿದರು. ಅವರ ಪದ್ಧತಿಯೇ ಹಾಗೆ. ಕಣ್ಣು ಬಿಟ್ಟುಕೊಂಡು ಅಳತೆ ತೆಗೆದರೆ ನೋಡುವವರ ಮುಖದಲ್ಲಿ ಏನೋ ಒಂದು ಬಂದುಬಿಡುತ್ತದೆ, ಕೂತವರು ಅದನ್ನು ಕಾಣುತ್ತಾರೆ, ಆಮೇಲೆ ತಲೆ ಬಿಗಿ ಮಾಡಿಕೊಳ್ಳುತ್ತಾರೆ, ಅಳತೆ ತಪ್ಪುತ್ತದೆ ಎನ್ನುತ್ತಾರೆ. ಮೊದಮೊದಲು ನಾನು ಟೈಲರಿನ ಕಿವಿಯೊಳಗೆ ಬೆರಳು ಹಾಕಿ ಅವನನ್ನು ಕುಣಿಸಿದೆ. ಮೇಡಂ ನನ್ನ ಕೈ ಮೇಲೆ ತಮ್ಮ ಕೈ ಇಟ್ಟು, ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂದು ನಡೆಸಿಕೊಂಡು ಹೋದರು. ಹಣೆಯಿಂದ ನೆತ್ತಿ, ನೆತ್ತಿಯಿಂದ ಹಿಂದಲೆ, ಕಿವಿಯ ಹಿಂದಿನ ಆ ಸಣ್ಣ ತಗ್ಗು. ಈಗ ನಾನು ಕಣ್ಣು ಕಟ್ಟಿಕೊಂಡೇ ಪೂರ್ತಿ ಅಳತೆ ತೆಗೆಯುತ್ತೇನೆ. ಟೈಲರಿಗೆ ಚಿಕ್ಕಂದಿನಲ್ಲಿ ಬಿದ್ದ ಗಾಯದ ಗುರುತು ಎಲ್ಲಿದೆ ಎಂದು ಅವನ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗಿದೆ. ಮೇಡಂ ಒಂದು ದಿನ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಇನ್ನೊಂದು ಹೇಳಬೇಕು, ನಗಬೇಡ. ಹೋದ ಭಾನುವಾರ ನಾನು ಕ್ಷೌರಕ್ಕೆ ಹೋಗಿದ್ದೆ. ಬ್ಯಾಗಿನಲ್ಲಿ ನನ್ನದೇ ಕತ್ತರಿ, ಬಾಚಣಿಗೆ, ಎಲ್ಲ ಇತ್ತು. ಆದರೂ ಹೋದೆ. ಎರಡು ಬೀದಿ ಆಚೆ ಒಂದು ಅಂಗಡಿ, ಒಂದೇ ಕುರ್ಚಿ, ಗೋಡೆಯ ಮೇಲೆ ನಿಂತುಹೋದ ಗಡಿಯಾರ. ಯಾರ ಜೊತೆಗಾದರೂ ನಾಲ್ಕು ಮಾತಾಡಬಹುದು ಎಂಬ ಆಸೆ. ಆ ಪುಣ್ಯಾತ್ಮ ಎರಡೂ ಕಿವಿಗೆ ಏನೋ ಸಿಕ್ಕಿಸಿಕೊಂಡು ತನ್ನ ಪಾಡಿಗೆ ತಾನು ಹಾಡು ಕೇಳುತ್ತಿದ್ದ. ನಾನು "ವ್ಯಾಪಾರ ಹೇಗಿದೆ?" ಎಂದದ್ದು ಅವನಿಗೆ ಕೇಳಿಸಲೇ ಇಲ್ಲ. ನೀರು ಚಿಮುಕಿಸಿ ನನ್ನ ತಲೆಯ ಮೇಲೆ ಕೈ ಇಟ್ಟ. ಅಷ್ಟೇ, ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನನ್ನ ತಲೆಯನ್ನು ಯಾರಾದರೂ ಮುಟ್ಟಿ ಎಷ್ಟು ದಿನವಾಯಿತು ಎಂದು ಯೋಚಿಸಿದೆ. ನಿನ್ನ ಕೂದಲು ಉದುರಲು ಶುರುವಾದಂದಿನಿಂದ ನೀನೂ ನನ್ನ ತಲೆಗೆ ಕೈ ಹಾಕಿಲ್ಲ. ಅವನು ಹಾಡಿನ ಗುಂಗಿನಲ್ಲಿ ಸೋಪು ಕಣ್ಣಿಗೆ ಹೋಯಿತೆಂದು ತಿಳಿದು ಟವೆಲ್ ಕೊಟ್ಟ. ಸೋಪು ಇನ್ನೂ ಹಚ್ಚಿರಲೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಲಿಕೆ ಮುಗಿಯುವ ಮೊದಲು ನಾವೆಲ್ಲ ಜೀವವಿರುವ ಒಂದು ತಲೆಗೆ ವಿಗ್ ಕಟ್ಟಿಕೊಡಬೇಕು. ನನ್ನದು ಯಾರ ತಲೆ ಎಂದು ಮೇಡಂ ಕೇಳಿದಾಗ ಯೋಚಿಸದೆ ನಿನ್ನ ಹೆಸರು ಹೇಳಿದೆ. ಮುಂದಿನ ವಾರ ರಜೆ ಇದೆ, ಬಂದು ಅಳತೆ ತೆಗೆದುಕೊಳ್ಳುತ್ತೇನೆ ಎಂದು ನಿನಗೆ ಫೋನಿನಲ್ಲಿ ಹೇಳಿದೆ. ತಿರುಗುವ ಫ್ಯಾನಿನ ಪಕ್ಕದಿಂದ ನಿನ್ನ ದನಿ ಬಂತು.

"ಅಷ್ಟಕ್ಕೆ ಅಲ್ಲಿಂದ ಬರೋದು ಯಾಕೆ? ತಂಗಿ ಟೇಪು ಹಿಡಿದು ಅಳತೆ ಕಳಿಸ್ತಾಳೆ. ಹೇಗೆ ತೆಗೆಯೋದು ಅಂತ ವಿಡಿಯೋನೂ ಸಿಕ್ಕಿದೆ" ಎಂದೆ.

ಅಳತೆ ಕಳಿಸಬೇಡ. ದಯವಿಟ್ಟು ಕಳಿಸಬೇಡ. ನಿನ್ನ ತಂಗಿಯ ಕೈ ಕೆಟ್ಟದ್ದೆಂದು ಹೇಳುತ್ತಿಲ್ಲ. ಆ ಅಂಕಿಗಳು ಬಂದರೆ ನಾನು ವಿಗ್ ಕಟ್ಟಿಯೇ ಕಟ್ಟುತ್ತೇನೆ, ಬೈತಲೆಯೂ ಈ ಸಲ ಎಡಕ್ಕೇ ಬರುತ್ತದೆ, ಮೇಡಂ ಪಾಸೂ ಮಾಡುತ್ತಾರೆ. ಆದರೆ ಆಮೇಲೂ ನೀನು ಅದನ್ನು ರೂಮಿನೊಳಗೆ ಒಬ್ಬಳೇ ಹಾಕಿಕೊಂಡು ಒಬ್ಬಳೇ ತೆಗೆಯುತ್ತೀ. ನಾನು ಬಾಗಿಲ ಹೊರಗೇ ಇರುತ್ತೇನೆ. ಅದಕ್ಕಾಗಿ ನಾನು ಇಷ್ಟು ದೂರ ಬರಲಿಲ್ಲ.

ನನ್ನ ತಮ್ಮ ಅಂಗಡಿಯನ್ನು ಹೇಗೆ ನಡೆಸುತ್ತಿದ್ದಾನೆ, ಸ್ವಲ್ಪ ನೋಡಿಕೋ. ಕನ್ನಡಿಗಳಿಗೆ ಹೆದರಿ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೀಯೆಂದು ಗೊತ್ತು. ಬಾಗಿಲಲ್ಲಿ ನಿಂತು ಬೈದು ಬಂದರೂ ಸಾಕು, ಅವನಿಗೆ ಭಯ ಇರುತ್ತದೆ. ಮಾತ್ರೆ ತಪ್ಪಿಸಬೇಡ. ಕೂದಲು ಹೋದರೆ ಜೀವಕ್ಕೇನೂ ಅಪಾಯವಿಲ್ಲ ಎಂದ ಡಾಕ್ಟರ ಮೇಲಿನ ಸಿಟ್ಟನ್ನು ಊಟದ ಮೇಲೆ ತೀರಿಸಬೇಡ. ತಂಗಿಗೂ ಅವಳ ಮಗುವಿಗೂ ನನ್ನ ಆಶೀರ್ವಾದ. ನಿನಗೆ ಒಳ್ಳೆಯದಾಗಲಿ, ನಿದ್ದೆ ಚೆನ್ನಾಗಿ ಬರಲಿ, ಮನಸ್ಸು ಹಗುರವಾಗಲಿ.

ಇತಿ ನಿನ್ನ,
ಬಾಯಿಬಡುಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಉಳಿದ ಕೂದಲನ್ನೆಲ್ಲ ತೆಗೆಸಿಕೊಂಡ ದಿನ ನೀನು ತಂಗಿಯನ್ನು ಕರೆಸಿ ರೂಮಿನ ಬಾಗಿಲು ಹಾಕಿಕೊಂಡೆ. ನಾನು ಅಂಗಡಿಗೆ ಹೋಗಿದ್ದೇನೆ ಎಂದುಕೊಂಡಿದ್ದೆ ನೀನು. ನಾನು ಹೊರಗೇ ನಿಂತಿದ್ದೆ. ಫೋನಿನಲ್ಲಿ ಯಾರೋ ಒಬ್ಬ "ಕುತ್ತಿಗೆಯಿಂದ ಮೇಲಕ್ಕೆ, ನಿಧಾನವಾಗಿ" ಎಂದು ಹೇಳಿಕೊಡುತ್ತಿದ್ದ, ತಂಗಿ ಮೆಷಿನ್ ಓಡಿಸುತ್ತಿದ್ದಳು. ಬ್ಲೇಡಿಗೆ ಎಣ್ಣೆ ಬಿಟ್ಟಿಲ್ಲ ಎಂದು ಸದ್ದಿನಲ್ಲೇ ನನಗೆ ತಿಳಿಯಿತು. ನೀನು ಒಮ್ಮೆ "ಅಮ್ಮಾ" ಎಂದೆ. ಎಣ್ಣೆಯ ಬಾಟಲಿ ಹಿಡಿದುಕೊಂಡು ಬಾಗಿಲ ಮುಂದೆ ನಿಂತೆ, ತಟ್ಟಲು ಕೈ ಬರಲಿಲ್ಲ. ಮದುವೆಯಾದ ಲಾಗಾಯ್ತಿನಿಂದ ನಿನ್ನ ಕೂದಲಿನ ತುದಿ ನಾನೇ ಕತ್ತರಿಸಿದ್ದು. ಊರಿನ ಅರ್ಧ ತಲೆಗಳು ನನ್ನ ಕೈಯಲ್ಲೇ ಬೆಳೆದಿವೆ. ಆವತ್ತು ನಿನಗೆ ಫೋನಿನವನು ಸಾಕಾದ, ನಾನು ಬೇಡವಾದೆ. ಕೋಪವಲ್ಲ ಇದು. ತುಂಬಾ ನೋವಾಯಿತು, ಇನ್ನೂ ಆಗುತ್ತದೆ. ಶನಿವಾರ ಬರುತ್ತೇನೆ. ಮೇಡಂ ಹತ್ತಿರ ಕೇಳಿ ಆ ಕಪ್ಪು ಬಟ್ಟೆ ತೆಗೆದಿಟ್ಟುಕೊಂಡಿದ್ದೇನೆ. ನನ್ನ ಕಣ್ಣಿಗೆ ನೀನೇ ಕಟ್ಟು, ಎಷ್ಟು ಬಿಗಿ ಬೇಕಾದರೂ ಕಟ್ಟು. ನೀನು ಬಿಚ್ಚುವ ತನಕ ನಾನು ಬಿಚ್ಚುವುದಿಲ್ಲ.