ಜಿಂಕೆಗೆ ಕೇಳಿಸಿದ ಸದ್ದು

ಸರಟೋಗಾ
೨೦ ಅಕ್ಟೋಬರ್ ೨೦೨೪

ಪ್ರಿಯ ಅಚ್ಯುತ,

ಯುಗಾದಿಗೆ ನೀನು ಬರೆದ ಪತ್ರಕ್ಕೆ ದೀಪಾವಳಿ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ನಿನ್ನ ಮಂಡಿನೋವು ಹೇಗಿದೆ? ಮಹಡಿ ಹತ್ತುತ್ತಿದ್ದೀಯಾ? ಇಲ್ಲಿ ನಾನೂ ಜಲಜಾಳೂ ಆರೋಗ್ಯ. ಅವಳು ಭಾನುವಾರ ಲೈಬ್ರರಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಇವಳು "ಆನೆ" ಅಂದರೆ ಅವು "ಎಲಿಫೆಂಟ್" ಎಂದು ಕೂಗಿ, ಪಾಠ ಮುಗಿಯಿತೆಂದು ಆಟಕ್ಕೆ ಓಡುತ್ತವಂತೆ.

ನನ್ನ ಸುದ್ದಿ ಏನೆಂದರೆ, ನಾನು ಬಿಲ್ಲುವಿದ್ಯೆ ಕಲಿಯುತ್ತಿದ್ದೇನೆ. ನಗಬೇಡ. ನಿವೃತ್ತನಾದ ಮೇಲೆ ಮನೆಯ ವೈಫೈ ಡಬ್ಬಿಯನ್ನು ಮೂರು ಸಲ ಬಿಚ್ಚಿ ಜೋಡಿಸಿದೆ. "ರೀ, ಹೊರಗಡೆ ಹೋಗಿ ಮಾಡೋ ಅಂಥದ್ದು ಏನಾದ್ರೂ ಹುಡುಕ್ಕೊಳ್ಳಿ" ಎಂದಳು ಜಲಜಾ. ಅದೇ ವಾರ ನಮ್ಮ ಪರಿಚಯದ ಹುಡುಗ ಗುರುಕಿರಣ್ ತನ್ನ ಬೇಟೆಯ ಬಿಲ್ಲನ್ನು ನನಗೆ ದಾಟಿಸಿದ. ಮಂಡ್ಯ ಕಡೆಯವನು, ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಕೆಲಸ. ಕಾಡುಹಂದಿ ಹೊಡೆಯಲೆಂದು ತಂದಿದ್ದನಂತೆ. "ಹಂದಿ ಒಳಗೆ ಬಂದ್ರೆ ನಾನು ಹೊರಗೆ" ಎಂದಳಂತೆ ಅವನ ಹೆಂಡತಿ. ಹೀಗೆ, ಮೊಟ್ಟೆ ಹಾಕಿರುತ್ತಾರೆಂದು ಕೇಕನ್ನೂ ಮುಟ್ಟದ ನನ್ನ ಕೈಗೆ ಬೇಟೆಯ ಬಿಲ್ಲು ಬಂತು. ಈಗಿನ ಬಿಲ್ಲುಗಳಿಗಿರುವ ರಾಟೆ ಗೀಟೆ ಏನೂ ಇಲ್ಲದ, ಹಳೇ ಕಾಲದ ಮಾದರಿಯ ಮರದ ಬಿಲ್ಲು.

ಜುಲೈನಲ್ಲಿ ಇಲ್ಲಿಯ ಬಿಲ್ಲುಗಾರರ ಕ್ಲಬ್ಬಿನವರು ಗುಡ್ಡದ ಮೇಲೆ ಸ್ಪಂಜಿನ ಪ್ರಾಣಿಗಳನ್ನು ನಿಲ್ಲಿಸಿ ಪಂದ್ಯ ಇಟ್ಟಿದ್ದರು. ನನ್ನ ಸರದಿ ಬಂದಾಗ ಓಕ್ ಮರದ ಕೆಳಗೆ ಎರಡು ಜಿಂಕೆ ನಿಂತಿದ್ದವು. ಬಲಗಡೆಯದು ಹೆಚ್ಚು ಲಕ್ಷಣವಾಗಿತ್ತು. ಅದಕ್ಕೇ ಗುರಿಯಿಟ್ಟು ಬಿಲ್ಲು ಎಳೆದೆ. ಅದು ಕಿವಿ ನಿಮಿರಿಸಿತು, ನನ್ನನ್ನೊಮ್ಮೆ ನೋಡಿತು, ಓಡಿಹೋಯಿತು.

ಅಚ್ಯುತ, ನಾನು ಬಿಲ್ಲು ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ. ಗುರುಕಿರಣ್ ನೀರು ಕೊಟ್ಟು, "ಅಂಕಲ್, ಬಿಲ್ಲಿಗೆ ಒಂದು ಥ್ಯಾಂಕ್ಸ್ ಹೇಳಿ. ಆ ಕಿರ್ರ್ ಅನ್ನೋ ಸೌಂಡು ಬರದೇ ಇದ್ದಿದ್ರೆ ಜಿಂಕೆ ಅಷ್ಟೇ" ಎಂದ.

"ಯಾವ ಸೌಂಡು?" ಎಂದೆ.

ಇಂಗ್ಲಿಷಿನಲ್ಲಿ ಅದನ್ನವನು ಎಲ್ಲರಿಗೂ ಹೇಳಿದ. ಇಡೀ ಗುಂಪು ನಕ್ಕಿತು. ನಾನು ತಮಾಷೆ ಮಾಡಿದೆನೆಂದುಕೊಂಡರು.

ವಿಷಯ ಇಷ್ಟು. ಹಿಡಿಯ ಮೇಲ್ಗಡೆ ಬಾಣ ಕೂರುವುದಕ್ಕೆ ಒಂದು ಪುಟ್ಟ ಆಸರೆ ಇರುತ್ತದೆ, ರೆಸ್ಟ್ ಅನ್ನುತ್ತಾರೆ. ಬಿಲ್ಲು ಎಳೆಯುವಾಗ ಬಾಣ ಅದರ ಮೇಲೆ ಸದ್ದಿಲ್ಲದೆ ಜಾರಬೇಕು. ನೂರಾರು ಬಾಣ ಬಿಟ್ಟರೂ ಅದು ಕಿತ್ತು ಬರಬಾರದು. ಯಾರಾದರೂ "ಅದು ಸ್ಪಂಜೇ" ಎಂದು ಕೂಗಿ ಹೇಳುವವರೆಗೆ ಬಿಲ್ಲು ಎತ್ತುವುದಿಲ್ಲ ಎಂದು ಅಂದೇ ಶಪಥ ಮಾಡಿದೆ, ಅದು ಬೇರೆ ಮಾತು. ಆದರೆ ಮೂವತ್ತು ವರ್ಷ ನೆಟ್‌ವರ್ಕಿನ ದೋಷ ಹುಡುಕಿ ಬದುಕಿದವನ ಬಿಲ್ಲಿನ ದೋಷ ಗುಡ್ಡದ ಜಿಂಕೆಗೂ ಗೊತ್ತಾದರೆ ಮರ್ಯಾದೆ ಉಳಿಯುತ್ತದೆಯೇ?

ನಾಲ್ಕು ಬಗೆಯ ರೆಸ್ಟ್ ತರಿಸಿದೆ: ತಂತಿಯದು, ಪ್ಲಾಸ್ಟಿಕ್ಕಿನದು, ಹಕ್ಕಿಗರಿಯದು, ಇನ್ನೊಂದು ಕೂದಲಿದ್ದ ಚರ್ಮದ್ದು. ಅದು ಕರುವಿನ ಚರ್ಮ ಎಂದು ಪೊಟ್ಟಣದ ಮೇಲೆ ಓದಿದ ಜಲಜಾ ಇಕ್ಕಳದಲ್ಲಿ ಹಿಡಿದು ವಾಪಸು ಕಳಿಸುವ ಪೆಟ್ಟಿಗೆಗೆ ಹಾಕಿ, ಸ್ನಾನಕ್ಕೆ ಹೋದಳು. ಮೂರು ಉಳಿದವು.

ಗರಾಜಿನಲ್ಲಿ ಪರೀಕ್ಷೆ. ಗುರುಕಿರಣ್ ಹುಲ್ಲಿನ ಮೂಟೆಗೆ ಬಾಣ ಹೂಡಿ ಎಳೆಯುವುದು, ನಾನೂ ಜಲಜಾಳೂ ಬೆನ್ನು ತಿರುಗಿಸಿ ಕುಳಿತು ಮೌನಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕುವುದು. ಮೊದಲನೆಯದಕ್ಕೆ ಎಂಟು ಕೊಟ್ಟೆ. ಮೌನವೇ, ಆದರೆ ಸ್ವಲ್ಪ ಒಣ ಮೌನ ಎಂದು ಷರಾ ಬರೆದೆ. ಎರಡನೆಯದು ರೇಷ್ಮೆಯಂತಿದೆ, ಒಂಬತ್ತು. ಮೂರನೆಯದಕ್ಕೆ ಎದ್ದು ನಿಂತು, "ಇದೇ! ಇದರ ಮುಂದೆ ಉಳಿದವು ಏನೂ ಅಲ್ಲ!" ಎಂದೆ.

ಗುರುಕಿರಣ್ ತಲೆ ಕೆರೆದುಕೊಂಡ. "ಅಂಕಲ್, ಮೂರು ಸಲಾನೂ ಅದೇ ತಂತಿ. ಬದಲಾಯಿಸ್ಬೇಡ ಅಂತ ಆಂಟಿನೇ ಹೇಳಿದ್ರು."

ಜಲಜಾಳ ಕಾಗದದಲ್ಲಿ ಮೂರು ಸೊನ್ನೆ ಇದ್ದವು. "ರೀ, ಆ ಸೌಂಡಿಗೆ ಪಕ್ಕದ ಮನೆ ನಾಯಿ ಬೊಗಳ್ತು. ಅದಾದ್ರೂ ಕೇಳಿಸ್ತಾ?" ಎಂದಳು.

"ಯಾವ ನಾಯಿ?" ಎಂದೆ. ಈ ಸಲ ಯಾರೂ ನಗಲಿಲ್ಲ.

ಅದರ ಮುಂದಿನ ಮಂಗಳವಾರ ಕಿವಿ ಡಾಕ್ಟರ ಹತ್ತಿರ ಹೋದೆವು. ಸಣ್ಣ, ಕೀರಲು ಸದ್ದುಗಳು ನನ್ನ ಪಾಲಿಗೆ ಹೋಗಿ ಎಷ್ಟೋ ವರ್ಷ ಆಗಿರಬೇಕು ಎಂದರು. ಈಗ ಎರಡೂ ಕಿವಿಗೆ ಮಿಷನ್ನು. ನನ್ನ ಚಪ್ಪಲಿ ಇಷ್ಟು ಗಲಾಟೆ ಮಾಡುತ್ತದೆಂದು ಅರವತ್ತಮೂರನೇ ವಯಸ್ಸಿನಲ್ಲಿ ತಿಳಿಯಿತು.

ಪರೀಕ್ಷೆ ಮತ್ತೆ ಮಾಡಿದೆವು. ತಂತಿಗೆ ಹಲ್ಲು ಜುಮ್ಮೆಂದಿತು. ಪ್ಲಾಸ್ಟಿಕ್ಕು ಟಿಕ್ ಎನ್ನುತ್ತಿತ್ತು, ನಲವತ್ತನೇ ಬಾಣಕ್ಕೆ ಕಳಚಿ ಬಿತ್ತು. ಗರಿ ಸದ್ದು ಮಾಡಲಿಲ್ಲ, ಆದರೆ ಬೆಳಗಿನ ಮಂಜಿಗೆ ಸೊಪ್ಪಿನಂತೆ ಬಾಡಿಹೋಯಿತು. ಕೊನೆಗೆ ಜಲಜಾ ನನ್ನ ಹಳೇ ಉಣ್ಣೆ ಕೋಟಿನ ಕಾಲರು ಕತ್ತರಿಸಿ, "ಇದನ್ನ ಅಂಟಿಸಿ ನೋಡಿ" ಎಂದಳು. ಆರುನೂರು ಬಾಣ ಆಗಿದೆ. ಅಲುಗಿಲ್ಲ, ಉಸಿರೆತ್ತಿಲ್ಲ. ಕ್ಲಬ್ಬಿನವರು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಗುರುಕಿರಣ್, "ಅಂಕಲ್ ಹತ್ರ ಇನ್ನೂ ಒಂದು ಪೂರ್ತಿ ಕೋಟಿದೆ" ಎನ್ನುತ್ತಾನೆ.

ನಿನ್ನ ಮನೆಯವರಿಗೆ ನಮ್ಮಿಬ್ಬರ ನಮಸ್ಕಾರ. ಮೊಮ್ಮಗಳು ಇಂಚರಾಗೆ ಈ ಬಿಲ್ಲುಗಾರ ತಾತನ ಆಶೀರ್ವಾದ. ಹಬ್ಬ ನಿಮಗೆಲ್ಲ ಬೆಳಕು ತರಲಿ.

ನಿನ್ನ
ಜಗನ್ನಾಥ

ಮರೆತ ಮಾತು: ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ. ಮಿಷನ್ನು ಬಂದ ಮಾರನೇ ಬೆಳಿಗ್ಗೆ, ಅದನ್ನು ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋದೆ. ಜಲಜಾ ಆ ಕಡೆ ತಿರುಗಿ ಹೀರೇಕಾಯಿ ಹೆಚ್ಚುತ್ತಿದ್ದಳು. "ರೀ, ವಿಭಾ ಈ ದೀಪಾವಳಿಗೂ ಬರಲ್ವಂತೆ" ಎಂದಳು, ನಮ್ಮ ಮಗಳ ವಿಷಯ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಗಂಟಲು ದಪ್ಪ ಮಾಡಿಕೊಂಡು, ಥೇಟ್ ನನ್ನ ಹಾಗೆ, "ಹೋಗ್ಲಿ ಬಿಡು ಜಲೂ, ನಾವೇ ಹೋಗಿ ನೋಡ್ಕೊಂಡು ಬರೋಣ" ಎಂದಳು. ಮತ್ತೆ ತನ್ನ ದನಿಯಲ್ಲಿ, "ಹಾಗಂತೀರಾ? ಸರಿ" ಎಂದು ಒಪ್ಪಿಕೊಂಡು ಹೆಚ್ಚತೊಡಗಿದಳು.

ಅವಳನ್ನು ಜಲೂ ಎಂದು ನಾನು ಕರೆದು ಎಷ್ಟು ವರ್ಷವಾಯಿತೋ ನೆನಪಿಲ್ಲ. ಆ ಜಗನ್ನಾಥ ನನಗಿಂತ ಒಳ್ಳೆಯವನಿದ್ದ. ಸ್ವಲ್ಪ ಹೊತ್ತಿಗೆ ಅವಳು, "ಸಾರಿಗೆ ಹುಳಿ ಸಾಕಾ ರೀ?" ಎಂದಳು. ಈ ಸಲ ನಾನು, "ಸಾಕು, ಜಲೂ" ಎಂದೆ.

ಅವಳು ಚಾಕು ಕೆಳಗಿಟ್ಟು ತಿರುಗಿದಳು. "ಯಾವಾಗ ಬಂದ್ರಿ?" ಎಂದಳು.