ಈ ಸಲ ಒಂದು ಬುಟ್ಟಿ ಹೆಚ್ಚು

ಶುಭ ಶುಕ್ರವಾರ, ಬೆಳಿಗ್ಗೆ

ಮಗಳು ಯಗೊದಾಳಿಗೆ,

ಇವತ್ತು ಉಪವಾಸ, ಬ್ರೆಡ್ಡು, ನೀರು ಅಷ್ಟೆ. ಹಾಲು ಕರೆದು, ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಮೊಟ್ಟೆ ಬೇಯಿಸಿ ಬಣ್ಣ ಹಿಡಿಸಿ, ಈಗ ಬರೆಯಲು ಕುಳಿತಿದ್ದೇನೆ.

“ಇನ್ನು ನನಗೆ ಈಸ್ಟರ್ ಬುಟ್ಟಿ ಬೇಡಮ್ಮ, ನಾನೇನು ಮಗುವಾ?” ಎಂದು ಕೇಳಿದ್ದೀಯ. ನಿನ್ನಣ್ಣ ಲೇಶೆಕ್‌ನ ತಲೆ ಬೋಳಾಗುತ್ತಿದೆ. ಅವನ ಬುಟ್ಟಿಗೂ ಇಂದಿಗೂ ನಾನೇ ಮೊಟ್ಟೆ, ಬ್ರೆಡ್ಡು ತುಂಬಿ ಈಸ್ಟರ್ ಹಿಂದಿನ ಶನಿವಾರ ಆಶೀರ್ವಾದಕ್ಕೆ ಚರ್ಚಿಗೆ ಒಯ್ಯುತ್ತೇನೆ. ಅಪ್ಪನ ಮುಖ ನೋಡಲು ಮನಸ್ಸಿಲ್ಲದೆ ನೀನು ಹೀಗೆ ಬರೆದಿದ್ದೀಯ ಎಂದು ನನಗೆ ಗೊತ್ತು.

ನಿನ್ನೆ ನಿನ್ನಪ್ಪನೂ ಶುರುಮಾಡಿದರು. “ಮದುವೆ ಆಗ್ದೆ ಒಬ್ಬನ ಮನೆ ಸೇರಿದವಳಿಗೆ ಬುಟ್ಟಿ ಬೇರೆ ಕೇಡು!”

“ಕೋಳಿ ನಂದು, ಮೊಟ್ಟೆ ನಂದು. ನಿಮ್ಮ ಗಂಟೇನು ಹೋಗುತ್ತೆ?” ಎಂದೆ.

“ಪಾದ್ರಿಗಳು ಏನಂತಾರೆ?”

“ಅವರು ಬುಟ್ಟಿ ಮೇಲೆ ತೀರ್ಥ ಚಿಮುಕಿಸ್ತಾರೆ. ಯಾರದ್ದು ಅಂತ ಕೇಳಲ್ಲ.”

ಮದುವೆಯಿಲ್ಲದ ಸಂಸಾರ ನನಗೂ ಒಪ್ಪಿಗೆಯಿಲ್ಲ ಮಗಳೇ, ದಿನವೂ ಜಪಸರ ಹಿಡಿದು ದೇವಮಾತೆಗೆ ಹೇಳಿಕೊಳ್ಳುತ್ತೇನೆ. ಆದರೆ ಆ ಜಗಳ ಬೇರೆ. ನಾಳೆ ನಿನ್ನ ಬುಟ್ಟಿಯ ಪಕ್ಕದಲ್ಲಿ ನಿನ್ನ ಟಿಮೊನ್‌ಗೂ ಒಂದು ಇಡುತ್ತೇನೆ. ಭಾನುವಾರ ಬೆಳಿಗ್ಗೆ ನೀವಿಬ್ಬರೂ ಬಂದು ಕೂರುವವರೆಗೆ ಆಶೀರ್ವಾದದ ಮೊಟ್ಟೆಯನ್ನು ನಾನು ಕತ್ತರಿಸುವುದಿಲ್ಲ. ಅದನ್ನು ಹಂಚಿಕೊಳ್ಳದೆ ಈ ಮನೆಯಲ್ಲಿ ಯಾರೂ ತುತ್ತು ಎತ್ತುವ ಹಾಗಿಲ್ಲ. ನಿನ್ನಪ್ಪನೂ ಹಸಿದುಕೊಂಡೇ ಇರಲಿ.

ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಗೊಣಗುತ್ತ ಕ್ರಾಕೋವ್ ಬಸ್ಸಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾರೆ. ಬಾಗಿಲಲ್ಲೇ ನಿಲ್ಲಿಸಬೇಡ, ಒಳಗೆ ಕೂರಿಸು. ಉತ್ತರ ಬರೆದು ಅವರ ಕೈಗೇ ಕೊಡು. ಅದಿಲ್ಲದೆ ಮನೆಗೆ ಬರಬೇಡಿ ಎಂದು ಅವರಿಗೆ ಹೇಳಿದ್ದೇನೆ.

ನಿನ್ನ ಅಮ್ಮ,
ಬೊಗುಮಿಲಾ