ಟವಲಿನಡಿಯ ಕೈ

ಸಾಂಗ್ಲಿ,
೧೨ ಫೆಬ್ರುವರಿ ೨೦೨೪

ಪ್ರೀತಿಯ ತಂಗಿ ಸುಮನಳಿಗೆ,

ಸಂಕ್ರಾಂತಿಗೆ ನೀನು ಜಮಖಂಡಿಯಿಂದ ಕಳಿಸಿದ ಎಳ್ಳುಂಡೆಯ ಜೊತೆಗೇ ನಿನ್ನ ಪತ್ರವೂ ಬಂತು. ಉಂಡೆ ಮುಗಿದು ಡಬ್ಬಿ ಖಾಲಿಯಾಯಿತು, ಉತ್ತರ ಮಾತ್ರ ಈಗ ಬರೆಯುತ್ತಿದ್ದೇನೆ. ಬೈದುಕೊಂಡಿರುತ್ತೀ, ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದ ಮಂಚದಲ್ಲೇ ಇರುತ್ತಾರೆ. ಮಾತು ಹೋಗಿದೆ ನಿಜ, ಕಿವಿ ಮಾತ್ರ ಚುರುಕಾಗಿದೆ.

ದೀಪಾವಳಿಯಲ್ಲಿ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಬಿದ್ದುಹೋದದ್ದು ನಿನಗೆ ಗೊತ್ತೇ ಇದೆ. ಆಮೇಲೆ ಮಿರಜಿನ ಡಾಕ್ಟರ್‌ಬಾಯಿ ಸ್ನೇಹಲ ನನ್ನನ್ನು ಕೂರಿಸಿಕೊಂಡು ಹೇಳಿದಳು: “ಮಿದುಳಿನಾಗ ಮಾತಿನ ಜಾಗಾಕ್ಕ ಪೆಟ್ಟು ಬಿದ್ದೈತ್ರಿ ಮಾವಶಿ. ಆದ್ರ ವರ್ಷಾನುಗಟ್ಟಲೆ ದಿನಾ ಮಾಡಿದ್ದು ಅಲ್ಲೇ ಬ್ಯಾರೆ ಹಾದಿ ಮಾಡ್ಕೊಂಡಿರ್ತೈತಿ. ಮನ್ಯಾಗ ನೀವಿಬ್ರೂ ದಿನಾ ಏನ್ ಮಾಡ್ತಿದ್ರಿ, ಅದನ್ನ ಮಾಡ್ರಿ. ಆ ಹಾದೀಲೇ ಮಾತು ಬಂದರೂ ಬಂದೀತು.”

ಮನೆಗೆ ಬಂದು ಯೋಚಿಸಿದೆ. ನಾವಿಬ್ಬರೂ ದಿನಾ ಏನು ಮಾಡುತ್ತಿದ್ದೆವು? ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಅರಿಶಿನದ ಪೇಟೆಗೆ ಹೋದರೆ ಊಟಕ್ಕೇ ಬರುತ್ತಿದ್ದರು. ನಾನು ಬಡಿಸುತ್ತಿದ್ದೆ, ಅವರು ಉಣ್ಣುತ್ತಿದ್ದರು. ಸರಿ, ಬಡಿಸಿದೆ. ಉಂಡರು. ಮಾತೇನೂ ಬರಲಿಲ್ಲ. ಬೇರೆ ಏನಾದರೂ ನೆನಪಾಗುತ್ತದೆಯೇ ಎಂದು ಅಡುಗೆಮನೆಯಲ್ಲಿ ಎಷ್ಟೋ ಹೊತ್ತು ನಿಂತಿದ್ದೆ, ಸುಮನಾ. ಆ ದಿನ ಅತ್ತುಬಿಟ್ಟೆ.

ಆಮೇಲೆ ಒಂದು ಮಧ್ಯಾಹ್ನ ಇವರ ಪೇಟೆಯ ಗೆಳೆಯ ಓಂಪ್ರಕಾಶ ನೋಡಲು ಬಂದರು. ಸಮಾಧಾನ ಹೇಳುತ್ತಾ ಇವರ ಎಡಗೈ ಹಿಡಿದುಕೊಂಡರು. ಹೆಗಲ ಮೇಲಿನ ಟವಲು ಜಾರಿ ಇಬ್ಬರ ಕೈಗಳ ಮೇಲೆ ಬಿತ್ತು. ಬಿದ್ದದ್ದೇ ತಡ, ಇವರು ಬೆನ್ನು ನೆಟ್ಟಗೆ ಮಾಡಿ, ಮುಖ ಕಿಟಕಿಯ ಕಡೆ ತಿರುಗಿಸಿ ಕುಳಿತರು; ಟವಲಿನಡಿ ಬೆರಳು ಆಡತೊಡಗಿದವು. ಓಂಪ್ರಕಾಶ ನಗುತ್ತಾ ಕಣ್ಣೊರೆಸಿಕೊಂಡರು: “ವೈನಿ, ಬಾಳಪ್ಪಣ್ಣ ಅರಿಶಿನದ ದರಾ ಕೇಳಾಕತ್ತಾನ್ರಿ! ಅದೂ ಎಷ್ಟು ಇಳಿಸಿ ಕೇಳಾಕತ್ತಾನ ನೋಡ್ರಿ, ಕಳ್ಳ!”

ನಮ್ಮ ತವರಿನದು ಬಟ್ಟೆ ಅಂಗಡಿ, ನಮಗೆಲ್ಲಿ ಗೊತ್ತು ಇದೆಲ್ಲ. ಇವರ ಕಾಲದಲ್ಲಿ ಅರಿಶಿನದ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲವಂತೆ. ಟವಲಿನಡಿ ಕೈ ಹಿಡಿದು, ಬೆರಳು ಒತ್ತಿ ಕೇಳುವುದು, ಬೆರಳು ಒತ್ತಿಯೇ ಹೇಳುವುದು. ಸುತ್ತ ನಿಂತವರಿಗೆ ಗುಟ್ಟು ತಿಳಿಯಬಾರದೆಂದು ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಅಂಗೈ ಒತ್ತಿದರೆ ಒಪ್ಪಿಗೆ, ಸೌದಾ ಮುಗಿಯಿತು. ಜೀವಮಾನವೆಲ್ಲ ಬಲಗೈಯಿಂದ ಮಾಡಿದ್ದು ಈಗ ಎಡಗೈಗೆ ಬಂದಿದೆ. ಡಾಕ್ಟರ್‌ಬಾಯಿ ಹೇಳಿದ ಹಾದಿ ಇದೇ ಇರಬೇಕು.

ಓಂಪ್ರಕಾಶರ ಹತ್ತಿರ ಬೆರಳಿನ ಲೆಕ್ಕ ಕಲಿತೆ. ಈಗ ದಿನಾ ಮಧ್ಯಾಹ್ನ ನಮ್ಮ ಮಂಚದ ಮೇಲೆ ಪೇಟೆ ಕೂಡುತ್ತದೆ. ಮಗ ಸೌರಭ ಹಾಸ್ಯ ಮಾಡುತ್ತಾನೆ: “ಆಯಿ, ನಾಳಿಂದ ಅಂಗಡಿಗಿ ನೀನಽ ಹೋಗು, ನಾ ಮನ್ಯಾಗ ರೊಟ್ಟಿ ಬಡೀತೇನಿ.” ಕಳೆದ ಸೋಮವಾರ, ಟವಲು ಹಾಕಿದ ಕೂಡಲೇ ಇವರ ಬಾಯಿಂದ ತೊದಲುತ್ತಾ ಮಾತು ಬಂತು: “ಬರ್ರಿ ಶೇಟಜಿ, ಕುಂದ್ರಿ.” ಸೌರಭ ಓಣಿಗೆಲ್ಲ ಪೇಢೆ ಹಂಚಿದ. ಡಾಕ್ಟರ್‌ಬಾಯಿಗೂ ಖುಷಿಯೋ ಖುಷಿ. ಬಹಳ ಸಂತೋಷವಾಯಿತೆಂದು ನಾನೂ ಎಲ್ಲರಿಗೂ ಹೇಳಿದ್ದೇನೆ.

ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಮಕ್ಕಳು ಮೊಮ್ಮಕ್ಕಳೊಂದಿಗೆ ನೂರು ಕಾಲ ನಗುತ್ತಾ ಬಾಳು. ಆ ಶಿವ ನಿನ್ನ ಮನೆಯನ್ನು ಮಾತಿನಿಂದ ತುಂಬಿಸಿಡಲಿ.

ನಿನ್ನ ಅಕ್ಕ,
ಸುನಂದಾ

ತಾ.ಕ.: ಇದನ್ನು ನಿನಗೊಬ್ಬಳಿಗೇ ಬರೆಯುತ್ತೇನೆ. ಆ ಮಾತು ಬಂದಾಗ ಟವಲಿನಡಿ ಇದ್ದದ್ದು ನನ್ನ ಕೈ, ಬಳೆ ಸಮೇತ. ಊಟ ಕೊಡುವಾಗ ಇವರಿಗೆ ನನ್ನ ಗುರುತಿರುತ್ತದೆ. ಟವಲು ಬಿತ್ತೆಂದರೆ ನಾನು ಯಾವನೋ ಒಬ್ಬ ವ್ಯಾಪಾರಿ. ಆದರೆ ಮದುವೆಯ ದಿನ ಬಿಟ್ಟರೆ ಇವರು ನನ್ನ ಕೈ ಇಷ್ಟು ಹೊತ್ತು ಹಿಡಿದದ್ದು ಈಗಲೇ. ಮೊದಲ ದಿನ ತಡೆಯಲಾರದೆ ಪ್ರೀತಿಯಿಂದ ಅಂಗೈ ಒತ್ತಿಬಿಟ್ಟೆ. ಸೌದಾ ಮುಗಿಯಿತೆಂದು ಕೈ ಬಿಟ್ಟು, ಅತ್ತ ಹೊರಳಿ ಮಲಗಿದರು. ಅಂದಿನಿಂದ ನಾನು ಯಾವ ದರಕ್ಕೂ ಒಪ್ಪಿಲ್ಲ.